ಎಆರ್‌ಟಿ ಮಾತ್ರೆ, ಹಾರ್ಮೋನ್ ಎರಡೂ ತಗೊಳ್ಳುವವರಿಗೆ: ಕೊಡಗಿನಿಂದ ಒಬ್ಬ ಅಕ್ಕ ಹೇಳೋದು

"ಅಕ್ಕ, ಎಆರ್‌ಟಿ ಮಾತ್ರೆ ನುಂಗಿದ್ರೆ ಹಾರ್ಮೋನ್ ಹತ್ತಲ್ವಂತೆ, ಹೌದಾ?"

ಕುಶಾಲನಗರದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಬ್ಲೌಸ್ ಅಳತೆ ಕೊಡಲು ಬರುವ ನಮ್ಮ ಹುಡುಗಿಯರು ದನಿ ತಗ್ಗಿಸಿ ಕೇಳುವುದು ಇದನ್ನೇ. ನಾನು ಟ್ರಾನ್ಸ್ ಹೆಂಗಸು. ದೇಹ ಹೆಣ್ಣಿನಂತಾಗಲು ಹಾರ್ಮೋನ್, ಎಚ್‌ಐವಿಯನ್ನು ಹತೋಟಿಯಲ್ಲಿಡಲು ಎಆರ್‌ಟಿ, ಎರಡನ್ನೂ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ನನ್ನ ಉತ್ತರ ಒಂದೇ: ಇಲ್ಲಮ್ಮ, ಎರಡೂ ಒಟ್ಟಿಗೆ ನಡೆಯುತ್ತವೆ. ಈ ಸುಳ್ಳನ್ನು ನಂಬಿ ಎಆರ್‌ಟಿ ಬಿಟ್ಟ ಒಬ್ಬಳನ್ನು ನಾವು ಕಳೆದುಕೊಂಡಿದ್ದೇವೆ. ಇನ್ನೊಬ್ಬರು ಹಾಗೆ ಹೋಗಬಾರದು.

ಆ ಮಾತು ಹುಟ್ಟಿದ್ದು ಹಳೇ ಮಾತ್ರೆಗಳ ಕಾಲದಲ್ಲಿ. ಎಫಾವಿರೆಂಜ್, ನೆವಿರಪಿನ್ ಅನ್ನೋ ಮಾತ್ರೆಗಳು ದೇಹದಲ್ಲಿ ಈಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನಿನ ಮಟ್ಟವನ್ನು ಇಳಿಸುತ್ತಿದ್ದವು. ಈಗ ಸರ್ಕಾರಿ ಎಆರ್‌ಟಿ ಸೆಂಟರ್‌ನಲ್ಲಿ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ. ಅದರಲ್ಲಿ ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಒಂದೇ ಮಾತ್ರೆಯಲ್ಲಿ ಇರುತ್ತವೆ. ಡೊಲುಟೆಗ್ರಾವಿರ್ ನಾವು ತೆಗೆದುಕೊಳ್ಳುವ ಈಸ್ಟ್ರೋಜನ್ ಆದ ಎಸ್ಟ್ರಾಡಿಯಾಲ್ ತಂಟೆಗೆ ಹೋಗುವುದಿಲ್ಲ. ಎಸ್ಟ್ರಾಡಿಯಾಲ್ ಕೂಡ ಎಆರ್‌ಟಿಯನ್ನು ಕೆಡಿಸುವುದಿಲ್ಲ. ನಿಮ್ಮ ಡಬ್ಬಿಯ ಮೇಲೆ ಬೇರೆ ಹೆಸರಿದ್ದರೆ ಮಾತ್ರೆ ಬಿಡಬೇಡಿ. ಡಬ್ಬಿ ಹಿಡಿದುಕೊಂಡು ಹೋಗಿ ಡಾಕ್ಟರನ್ನು ಕೇಳಿ.

ಕೊಡಗಿನ ಕಷ್ಟ ಏನೆಂದರೆ, ಎಚ್‌ಐವಿಗೆ ಒಂದು ಕಡೆ, ಹಾರ್ಮೋನಿಗೆ ಇನ್ನೊಂದು ಕಡೆ ಹೋಗಬೇಕು. ಎಆರ್‌ಟಿ ಸೆಂಟರ್ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿದೆ. ಹಾರ್ಮೋನ್ ಡಾಕ್ಟರಿಗಾಗಿ ನಮ್ಮಲ್ಲಿ ಹೆಚ್ಚಿನವರು ಮೈಸೂರಿನ ಬಸ್ ಹತ್ತುತ್ತೇವೆ. ಆ ಇಬ್ಬರು ಡಾಕ್ಟರು ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಮಾತಾಡಿಸಬೇಕಾದವರು ನೀವೇ. ಅದಕ್ಕೆ ಒಂದು ಪ್ಲಾಸ್ಟಿಕ್ ಫೈಲ್ ಮಾಡಿಕೊಳ್ಳಿ. ಎಆರ್‌ಟಿಯ ಹಸಿರು ಪುಸ್ತಕ, ಹಾರ್ಮೋನ್ ಚೀಟಿ, ರಕ್ತದ ರಿಪೋರ್ಟ್ ಎಲ್ಲ ಅದರಲ್ಲೇ ಇರಲಿ. ಎರಡೂ ಕಡೆ ಎರಡೂ ಔಷಧಿಯ ಹೆಸರು ಹೇಳಿ. ನಾಚಿಕೆಯಾದರೆ ಬಾಯಲ್ಲಿ ಹೇಳಬೇಡಿ, ಫೈಲ್ ತೆರೆದು ಮೇಜಿನ ಮೇಲಿಡಿ. ನಾನು ಮೊದಮೊದಲು ಹಾಗೇ ಮಾಡುತ್ತಿದ್ದೆ.

ಮೊದಲು ಮಾಲಾ-ಡಿ ಬಿಡಿ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಎದೆ ಬೇಗ ಬರಲಿ ಅಂತ ದಿನಕ್ಕೆ ನಾಲ್ಕೈದು ಗರ್ಭನಿರೋಧಕ ಮಾತ್ರೆ ನುಂಗುವವರು ಈಗಲೂ ಇದ್ದಾರೆ. ಮಾಲಾ-ಡಿ, ಓವ್ರಾಲ್, ಮೊಡವೆಗೆ ಕೊಡುವ ಡಯಾನ್-35, ಎಲ್ಲದರಲ್ಲೂ ಇರುವುದು ಎಥಿನೈಲ್ ಎಸ್ಟ್ರಾಡಿಯಾಲ್ ಅನ್ನೋ ಬೇರೆ ಬಗೆಯ ಈಸ್ಟ್ರೋಜನ್. ಅದರಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ನಾಲ್ಕು ನುಂಗಿದರೆ ಎದೆ ನಾಲ್ಕು ಪಟ್ಟು ಬೇಗ ಬರುವುದಿಲ್ಲ. ಅಪಾಯ ಮಾತ್ರ ಏರುತ್ತದೆ. ಬೀಡಿ ಸಿಗರೇಟು ಸೇದುವವರಿಗಂತೂ ಇನ್ನೂ ಕೆಟ್ಟದು. ನಮಗೆ ಬೇಕಾದದ್ದು ಬರೀ ಎಸ್ಟ್ರಾಡಿಯಾಲ್.

ಹಾರ್ಮೋನ್ ಡಾಕ್ಟರು ಅಂದರೆ ಎಂಡೋಕ್ರೈನಾಲಜಿಸ್ಟ್. ಸಕ್ಕರೆ ಕಾಯಿಲೆ, ಥೈರಾಯ್ಡ್ ನೋಡುವವರೇ ಅವರು. ಬೋರ್ಡಿನ ಮೇಲೂ ಹಾಗೇ ಬರೆದಿರುತ್ತದೆ. ಹಾಗಾಗಿ ಕಾಯುವ ಬೆಂಚಿನಲ್ಲಿ ನೀವು ಯಾಕೆ ಬಂದಿದ್ದೀರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹೋಗುವ ಮೊದಲು ಫೋನ್ ಮಾಡಿ, ಟ್ರಾನ್ಸ್ ಜನರಿಗೆ ಹಾರ್ಮೋನ್ ಕೊಡುತ್ತೀರಾ ಅಂತ ಕೇಳಿಬಿಡಿ. ಅಷ್ಟು ದೂರ ಹೋಗಿ ಸುಮ್ನೆ ವಾಪಸ್ ಬರುವುದು ತಪ್ಪುತ್ತದೆ. ಮೈಸೂರಿನಲ್ಲಿ ಅಶೋದಯ ಸಮಿತಿ ಇದೆ. ಲೈಂಗಿಕ ಕಾರ್ಯಕರ್ತರೇ ಕಟ್ಟಿದ ಸಂಘಟನೆ, ನಮ್ಮವರೂ ಅದರಲ್ಲಿದ್ದಾರೆ. ಮರ್ಯಾದೆಯಿಂದ ನೋಡುವ ಡಾಕ್ಟರು ಯಾರು ಅಂತ ಇಂಥ ಕಡೆ ಕೇಳಿದರೆ ದಾರಿ ಸಿಗುತ್ತದೆ.

ಶುರು ಮಾಡುವ ಮೊದಲು ಡಾಕ್ಟರು ಬಿಪಿ ನೋಡುತ್ತಾರೆ. ಸಕ್ಕರೆ, ಕೊಬ್ಬು, ಲಿವರ್, ಕಿಡ್ನಿ, ಪೊಟ್ಯಾಸಿಯಂ, ಟೆಸ್ಟೋಸ್ಟಿರೋನ್, ಎಸ್ಟ್ರಾಡಿಯಾಲ್ ಪರೀಕ್ಷೆ ಬರೆಯುತ್ತಾರೆ. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು, ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದು ಇದ್ದರೆ ಮುಚ್ಚಿಡಬೇಡಿ. ಮುಂದೆ ನಿಮ್ಮದೇ ಮಗು ಬೇಕು ಅನ್ನುವ ಆಸೆ ಇದ್ದರೆ ಇದೇ ಹೊತ್ತಿನಲ್ಲಿ ಹೇಳಿ. ಹಾರ್ಮೋನ್ ತೆಗೆದುಕೊಂಡ ಮೇಲೆ ವೀರ್ಯಾಣು ಕಮ್ಮಿಯಾಗುತ್ತವೆ, ಎಲ್ಲರಿಗೂ ಅದು ವಾಪಸ್ ಬರುವುದಿಲ್ಲ. ಮೊದಲೇ ವೀರ್ಯ ಕೂಡಿಡುವ ದಾರಿ ಇದೆ.

ಸಾಮಾನ್ಯವಾಗಿ ಎಸ್ಟ್ರಾಡಿಯಾಲ್ ವಾಲರೇಟ್ ಮಾತ್ರೆಯನ್ನು ದಿನಕ್ಕೆ 2ರಿಂದ 4 ಮಿಲಿಗ್ರಾಂನಿಂದ ಶುರು ಮಾಡಿ, ರಿಪೋರ್ಟ್ ನೋಡಿ 6ರವರೆಗೆ ಏರಿಸುತ್ತಾರೆ. ವಯಸ್ಸು ನಲವತ್ತು ದಾಟಿದ್ದರೆ, ಇಲ್ಲವೇ ಹೆಪ್ಪುಗಟ್ಟುವ ಭಯ ಇದ್ದರೆ, ಚರ್ಮಕ್ಕೆ ಹಚ್ಚುವ ಜೆಲ್ ಒಳ್ಳೆಯದು. ಗಂಡು ಹಾರ್ಮೋನನ್ನು ತಗ್ಗಿಸಲು ಸ್ಪಿರೊನೊಲ್ಯಾಕ್ಟೋನ್ ಇಲ್ಲವೇ ಸೈಪ್ರೊಟೆರೋನ್ ಕೊಡುತ್ತಾರೆ. ಸೈಪ್ರೊಟೆರೋನ್ ದಿನಕ್ಕೆ 10 ಮಿಲಿಗ್ರಾಂನಷ್ಟು ಸಾಕಾಗುತ್ತದೆ. ಹೆಚ್ಚಿನ ಡೋಸನ್ನು ತುಂಬಾ ಕಾಲ ತೆಗೆದುಕೊಂಡರೆ ಮಿದುಳಿನ ಪೊರೆಯಲ್ಲಿ ಗಡ್ಡೆ ಬರುವ ಅಪಾಯ ಇದೆ. ಗೆಳತಿಯ ಚೀಟಿ ನೋಡಿ ಅಷ್ಟೇ ಡೋಸ್ ನುಂಗಬೇಡಿ. ಅವಳ ಲಿವರ್ ಬೇರೆ, ನಿಮ್ಮದು ಬೇರೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ.

ಇನ್ನು ಕಾಯುವ ವಿಷಯ. ನಮ್ಮವರು ಸೋಲುವುದು ಇಲ್ಲಿ. ಎದೆ ನೋಯಲು, ಮೊಗ್ಗಿನಂತೆ ಗಟ್ಟಿಯಾಗಲು ಮೂರರಿಂದ ಆರು ತಿಂಗಳು ಬೇಕು. ಪೂರ್ತಿ ಬೆಳೆಯಲು ಎರಡು ಮೂರು ವರ್ಷ. ನಾನು ಟೇಪು ಹಿಡಿಯುವವಳು, ಇದನ್ನು ಕಣ್ಣಾರೆ ನೋಡುತ್ತೇನೆ. ಒಬ್ಬಳಿಗೆ ಬೇಗ, ಇನ್ನೊಬ್ಬಳಿಗೆ ನಿಧಾನ. ಬ್ಲೌಸಿಗೆ ಒಳಗೆ ಬಟ್ಟೆ ಬಿಟ್ಟೇ ಹೊಲಿಯುತ್ತೇನೆ, ಬೇಕಾದಾಗ ಬಿಚ್ಚಿ ಸಡಿಲ ಮಾಡಬಹುದು. ಚರ್ಮ ಮೆದುವಾಗುತ್ತದೆ, ಸೊಂಟದ ಹತ್ತಿರ ಕೊಬ್ಬು ಸೇರುತ್ತದೆ. ಗಡ್ಡ ಮಾತ್ರ ಹೋಗುವುದಿಲ್ಲ, ಅದಕ್ಕೆ ಲೇಸರ್ ಬೇಕು. ಒಡೆದ ಗಂಟಲು ವಾಪಸ್ ಬರುವುದಿಲ್ಲ, ದನಿಗೆ ಅಭ್ಯಾಸವೇ ಆಗಬೇಕು. ಇದನ್ನು ಮೊದಲೇ ಹೇಳಿದರೆ ಯಾರೂ ಬೇಸತ್ತು ಡೋಸ್ ಏರಿಸುವುದಿಲ್ಲ ಅನ್ನೋದು ನನ್ನ ಅನುಭವ.

ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಉಚಿತ. ಪಾಸಿಟಿವ್ ಬಂದರೆ ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣ, ಎಷ್ಟೇ ಇರಲಿ ಚಿಕಿತ್ಸೆ ಶುರು ಮಾಡುತ್ತಾರೆ. 2017ರಿಂದ ದೇಶದಲ್ಲಿ ಇದೇ ನಿಯಮ. ಮೊದಲು ಟಿಬಿ ಇದೆಯಾ ಅಂತ ನೋಡುತ್ತಾರೆ. ಆರನೇ ತಿಂಗಳು, ಹನ್ನೆರಡನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವುದು. ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ, ಸಂಭೋಗದಿಂದ ನಿಮ್ಮ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಈ ಮಾತನ್ನು ಮೊದಲ ಸಲ ಕೇಳಿದಾಗ ನಾನು ಸಮಾಲೋಚಕರ ಎದುರೇ ಅತ್ತುಬಿಟ್ಟೆ. ಆದರೆ ಸಿಫಿಲಿಸ್, ಗೊನೊರಿಯಾ ತಡೆಯಲು ಕಾಂಡೋಮ್ ಬೇಕೇ ಬೇಕು.

ಎರಡೂ ಔಷಧಿ ಒಟ್ಟಿಗೆ ತೆಗೆದುಕೊಳ್ಳುವವರು ಕೆಲವು ಜಾಗದಲ್ಲಿ ಎಚ್ಚರ ವಹಿಸಬೇಕು. ಡಾಕ್ಟರಿಗೂ ಇದು ತಪ್ಪಿಹೋಗಬಹುದು, ಯಾಕೆಂದರೆ ಅವರ ಮುಂದೆ ಅರ್ಧ ಚೀಟಿ ಮಾತ್ರ ಇರುತ್ತದೆ.

ಸಿಡಿ4 350ಕ್ಕಿಂತ ಕಮ್ಮಿ ಇದ್ದವರಿಗೆ ಎಆರ್‌ಟಿ ಸೆಂಟರ್‌ನಲ್ಲಿ ಕೋಟ್ರೈಮಾಕ್ಸಜೋಲ್ ಕೊಡುತ್ತಾರೆ, ಸೆಪ್ಟ್ರಾನ್ ಅಂತಾರಲ್ಲ ಅದು. ಅದೂ ಪೊಟ್ಯಾಸಿಯಂ ಏರಿಸುತ್ತದೆ, ನಮ್ಮ ಸ್ಪಿರೊನೊಲ್ಯಾಕ್ಟೋನ್ ಕೂಡ ಏರಿಸುತ್ತದೆ. ಎರಡೂ ಸೇರಿ ಪೊಟ್ಯಾಸಿಯಂ ತುಂಬಾ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಹೀಗಿದ್ದವರು ರಕ್ತ ಪರೀಕ್ಷೆ ಬೇಗ ಬೇಗ ಮಾಡಿಸಬೇಕು, ಇಲ್ಲವೇ ಸ್ಪಿರೊನೊಲ್ಯಾಕ್ಟೋನ್ ಬದಲು ಬೇರೆ ಕೊಡಿ ಅಂತ ಕೇಳಬೇಕು. ಟೆನೊಫೊವಿರ್ ಕಿಡ್ನಿಗೆ ಸ್ವಲ್ಪ ಭಾರ, ಹಾಗಾಗಿ ಕ್ರಿಯಾಟಿನಿನ್ ರಿಪೋರ್ಟ್ ಇಬ್ಬರಿಗೂ ತೋರಿಸಿ.

ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಜೆಲ್ ಇವು ಡೊಲುಟೆಗ್ರಾವಿರನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತವೆ. ಟಿಎಲ್‌ಡಿ ನುಂಗಿ ಎರಡು ಗಂಟೆ ಆದ ಮೇಲೆ ಅವನ್ನು ತೆಗೆದುಕೊಳ್ಳಿ. ಅವನ್ನು ಮೊದಲು ತೆಗೆದುಕೊಂಡಿದ್ದರೆ ಆರು ಗಂಟೆ ಬಿಟ್ಟು ಟಿಎಲ್‌ಡಿ. ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ, ಎಸ್ಟ್ರಾಡಿಯಾಲ್ ಮಟ್ಟವೂ ಇಳಿಯುತ್ತದೆ. ಮೈಸೂರಿನ ಡಾಕ್ಟರಿಗೆ ಕೂಡಲೇ ತಿಳಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರೂ ಎಆರ್‌ಟಿ ಬಗ್ಗೆ ಹೇಳಲೇಬೇಕು. ದಿನಕ್ಕೆ 1000 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುತ್ತಾರೆ.

ಕುಡಿತದ ಬಗ್ಗೆ ನಮ್ಮ ಊರಲ್ಲಿ ಬಾಯಿಮುಚ್ಚಿಕೊಂಡಿರಲು ಆಗುವುದಿಲ್ಲ. ಪುತ್ತರಿ, ಕೈಲ್‌ಪೊಳ್ದ್, ಮದುವೆಮನೆ ಅಂತ ಒಂದು ಪೆಗ್ ಹಾಕಿದವರು ಅವತ್ತು ಎಆರ್‌ಟಿ ನುಂಗುವುದಿಲ್ಲ, ಎರಡೂ ಸೇರಿದರೆ ವಿಷ ಆಗುತ್ತದೆ ಅಂದುಕೊಳ್ಳುತ್ತಾರೆ. ವಿಷ ಆಗುವುದಿಲ್ಲ. ಕುಡಿದರೂ ಮಾತ್ರೆ ನುಂಗಿ. ಬಿಟ್ಟ ಮಾತ್ರೆಯೇ ವೈರಸ್ಸಿಗೆ ದಾರಿ. ದಿನಾ ಕುಡಿದರೆ ಲಿವರ್ ಹಾಳು, ಅದು ಬೇರೆ ಮಾತು.

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು, ಮಾತು ತೊದಲುವುದು, ಮುಖ ಒಂದು ಕಡೆ ಎಳೆಯುವುದು. ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಎಸ್ಟ್ರಾಡಿಯಾಲ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಹೇಳಿ. ನೀವು ಹೇಳದಿದ್ದರೆ ತೋಟದ ಕೆಲಸದಲ್ಲಿ ಕಾಲು ಉಳುಕಿರಬೇಕು ಅಂದುಕೊಳ್ಳುತ್ತಾರೆ.

ನಿರ್ವಾಣ, ಅಂದರೆ ವೃಷಣ ತೆಗೆಸುವುದು, ಆದವರಿಗೆ ಒಂದು ಮಾತು. ವೃಷಣ ತೆಗೆದ ಮೇಲೆ ಗಂಡು ಹಾರ್ಮೋನ್ ತಡೆಯುವ ಮಾತ್ರೆ ಬೇಡ. ಆದರೆ ಎಸ್ಟ್ರಾಡಿಯಾಲನ್ನೂ ಬಿಟ್ಟರೆ ದೇಹದಲ್ಲಿ ಯಾವ ಹಾರ್ಮೋನೂ ಇಲ್ಲದೆ ಮೂಳೆ ಸವೆಯುತ್ತದೆ. ನಮ್ಮ ಸಮುದಾಯದ ಜಮಾತಿನ ಹಿರಿಯರಲ್ಲಿ ಸೊಂಟ ನೋವು ಅನ್ನುವವರು ಬಹಳ. ಅವರನ್ನೂ ಒಂದು ಸಲ ಹಾರ್ಮೋನ್ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಟ್ರಾನ್ಸ್ ಗಂಡಸರ ಬಗ್ಗೆ ನನಗಿಂತ ಅವರೇ ಚೆನ್ನಾಗಿ ಬರೆದಾರು. ಅಂಗಡಿಗೆ ಬರುವ ತಮ್ಮಂದಿರಿಗೆ ನಾನು ಹೇಳುವುದು ಇಷ್ಟು. ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಕೂಡ ಟಿಎಲ್‌ಡಿ ಜೊತೆ ನಡೆಯುತ್ತದೆ. ಅದರಿಂದ ರಕ್ತ ಗಟ್ಟಿಯಾಗಬಹುದು, ಹಾಗಾಗಿ ರಕ್ತದಲ್ಲಿ ಕೆಂಪು ಕಣ ಎಷ್ಟು ಪಾಲು ಅಂತ ನೋಡುವ ಹೆಮಟೋಕ್ರಿಟ್ ಪರೀಕ್ಷೆ ಬೇಕು. ಸಸ್ಟನಾನ್ ಅನ್ನೋ ಟೆಸ್ಟೋಸ್ಟಿರೋನ್ ಇಂಜೆಕ್ಷನ್‌ನಲ್ಲಿ ಕಡಲೆಕಾಯಿ ಎಣ್ಣೆ ಇದೆ, ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಮುಟ್ಟು ನಿಂತರೂ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ. ಸೂಜಿ ಯಾರ ಜೊತೆಗೂ ಹಂಚಿಕೊಳ್ಳಬೇಡಿ.

ನೆಗೆಟಿವ್ ಇದ್ದವರಿಗೆ: ಕಾಂಡೋಮ್ ಹರಿದರೆ, ಬಲವಂತ ನಡೆದರೆ, 72 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪೆಪ್, ಅಂದರೆ ಎಚ್‌ಐವಿ ಅಂಟದಂತೆ ಆಮೇಲೆ ನುಂಗುವ ಮಾತ್ರೆ, ಕೇಳಿ. 28 ದಿನ ನುಂಗಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಎಚ್‌ಐವಿ ಅಂಟದಂತೆ ಮೊದಲೇ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಯೂ ಇದೆ. ಎಸ್ಟ್ರಾಡಿಯಾಲ್ ತೆಗೆದುಕೊಳ್ಳುವವರು ಅದನ್ನು ದಿನಾ ನುಂಗಬೇಕು, ಬೇಕಾದ ದಿನ ಮಾತ್ರ ನುಂಗುವ ಕ್ರಮ ನಮಗಲ್ಲ.

ಒಂದು ಆಸ್ಪತ್ರೆಯಲ್ಲಿ ನನ್ನ ಹಳೇ ಗಂಡು ಹೆಸರನ್ನು ಕಾರಿಡಾರ್ ತುಂಬ ಕೇಳುವಂತೆ ಕೂಗಿದ್ದರು. ಆ ದಿನ ಎದ್ದು ಹೊರಟುಬಿಡಬೇಕು ಅನ್ನಿಸಿತ್ತು. ಈಗ ನಾನು ಮೊದಲು ಸಮಾಲೋಚಕರ ಹತ್ತಿರ ಹೋಗಿ, ಕರೆಯಬೇಕಾದ ಹೆಸರನ್ನು ಚೀಟಿಯ ಮೇಲೆ ಬರೆಸುತ್ತೇನೆ. ಕೇಳಿದರೆ ಬರೆಯುತ್ತಾರೆ. ಎಚ್‌ಐವಿ ಕಾಯ್ದೆ 2017ರದು, 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ನಿಮ್ಮ ರಿಪೋರ್ಟನ್ನು ಬೇರೆಯವರಿಗೆ ಹೇಳುವಂತಿಲ್ಲ, ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ. ತೋಟದ ರೈಟರಿಗೂ, ಮಾಲೀಕರಿಗೂ ನಿಮ್ಮ ರಿಪೋರ್ಟ್ ಕೇಳುವ ಹಕ್ಕಿಲ್ಲ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಯಾವ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲು ಬರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಜನ ಉಟ್ಟ ಬಟ್ಟೆಯಲ್ಲೇ ಓಡಿದ್ದರು. ಮೇ ತಿಂಗಳಲ್ಲೇ ಎಆರ್‌ಟಿ ಸೆಂಟರ್‌ನಲ್ಲಿ ಹೆಚ್ಚು ತಿಂಗಳ ಮಾತ್ರೆ ಕೇಳಿ. ವೈರಲ್ ಲೋಡ್ ಸರಿ ಇದ್ದವರಿಗೆ ಮೂರು ತಿಂಗಳದ್ದು ಒಟ್ಟಿಗೆ ಕೊಡುತ್ತಾರೆ. ಹಾರ್ಮೋನ್ ಮಾತ್ರೆಯೂ ಒಂದು ತಿಂಗಳಿನದು ಹೆಚ್ಚಿಗೆ ಇರಲಿ. ತೋಟದ ಕೆಲಸದವರ ಲೈನ್ ಮನೆಯಲ್ಲಿ ಯಾರಾದರೂ ನೋಡುತ್ತಾರೆ ಅಂತ ಟಿಎಲ್‌ಡಿಯನ್ನು ಕಾಗದದಲ್ಲಿ ಸುತ್ತಿಡುವವರಿದ್ದಾರೆ. ನಮ್ಮ ಮಳೆಗಾಲದ ಥಂಡಿಗೆ ಮಾತ್ರೆ ಮೆತ್ತಗಾಗುತ್ತದೆ. ಡಬ್ಬಿಯ ಲೇಬಲ್ ಕಿತ್ತುಹಾಕಿ, ಆದರೆ ಮಾತ್ರೆ ಅದೇ ಡಬ್ಬಿಯಲ್ಲಿರಲಿ. ಒಳಗಿನ ಸಣ್ಣ ಪೊಟ್ಟಣವನ್ನೂ ತೆಗೆಯಬೇಡಿ. ಒಲೆ ಮೇಲಿನ ಅಟ್ಟದಲ್ಲಿ ಬೇಡ, ಟ್ರಂಕಿನಲ್ಲಿಡಿ.

ಬೇರೆ ಊರಲ್ಲಿ ಸಿಕ್ಕಿಹಾಕಿಕೊಂಡರೆ ಹತ್ತಿರದ ಯಾವುದೇ ಎಆರ್‌ಟಿ ಸೆಂಟರ್‌ಗೆ ಹಸಿರು ಪುಸ್ತಕ ತೋರಿಸಿ. ಸೆಂಟರ್ ಎಲ್ಲಿದೆ ಅಂತ ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ, ಅದು ಉಚಿತ. ಒಂದು ದಿನ ಮರೆತರೆ ಮರುದಿನ ಎರಡು ಮಾತ್ರೆ ಒಟ್ಟಿಗೆ ನುಂಗಬೇಡಿ. ತಿಂಗಳುಗಟ್ಟಲೆ ಬಿಟ್ಟವರು ಬೈತಾರೆ ಅಂತ ಹೆದರಿ ಮನೆಯಲ್ಲಿ ಕೂರಬೇಡಿ, ಮಡಿಕೇರಿಗೆ ಹೋಗಿ. ಪರೀಕ್ಷೆ ಮಾಡಿ ಮತ್ತೆ ಶುರು ಮಾಡುತ್ತಾರೆ, ಬೇಕಾದರೆ ಮಾತ್ರೆ ಬದಲಿಸುತ್ತಾರೆ. ಬದಲಿಸಿದರೆ ಹೊಸ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಮೈಸೂರಿನ ಡಾಕ್ಟರಿಗೆ ತೋರಿಸಿ. ಅವರು ಎಸ್ಟ್ರಾಡಿಯಾಲ್ ಡೋಸನ್ನು ಅದಕ್ಕೆ ಹೊಂದಿಸಿಕೊಡುತ್ತಾರೆ.