ಮಲಗುವ ಮುನ್ನ ಹುರಿದ ಅಕ್ರೋಟು

ರಾತ್ರಿ 3 ಸಲ ಮೂತ್ರಕ್ಕೆ ಎದ್ದು ಎದ್ದು ನನ್ನ ನಿದ್ದೆಯೇ ಹಾಳಾಗಿತ್ತು. ತಪಾಸಣೆಯಲ್ಲಿ ಏನೂ ಸಿಗದ ಮೇಲೆ ಚೀನಾದ ಈ ಹಳೆಯ ಮನೆಮದ್ದು ಹಿಡಿದೆ. ನೀವೂ ಮೊದಲು ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಊತ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವೂ ಹೀಗೇ ಎಬ್ಬಿಸುತ್ತವೆ.

ಚೀನಾದ ವೈದ್ಯ ಲಿ ಶಿಝೆನ್ ಬರೆದು 1596ರಲ್ಲಿ ಅಚ್ಚಾದ ಮದ್ದುಗಳ ಗ್ರಂಥ ‘ಬೆನ್‌ಸಾವ್ ಗಾಂಗ್‌ಮು’ವಿನಲ್ಲಿ ಇದಿದೆ: ಬಿಸಿ ಬೂದಿಯಲ್ಲಿ ಸುಟ್ಟ ಅಕ್ರೋಟನ್ನು ಮಲಗುವಾಗ ಅಗಿದು, ಬೆಚ್ಚಗಿನ ಮದ್ಯ ಕುಡಿಯಬೇಕು. ಮೂತ್ರಪಿಂಡದ ಕಾವು ಕುಗ್ಗಿದರೆ ಮೂತ್ರ ನಿಲ್ಲದು, ಅಕ್ರೋಟು ಆ ಕಾವು ಹೆಚ್ಚಿಸುತ್ತದೆ ಎಂಬುದು ಚೀನೀ ವೈದ್ಯದ ಲೆಕ್ಕ.

3 ಅಕ್ರೋಟು ಒಡೆದು ತಿರುಳನ್ನು ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಅಂಚು ಕಂದಾಗಿ, ಮೈಮೇಲೆ ಎಣ್ಣೆ ಮಿನುಗಿ, ಘಮ ಬಂದ ಕೂಡಲೇ ಇಳಿಸಿ. ಕಪ್ಪಾದರೆ ಬಾಯೆಲ್ಲ ಕಹಿ. ಹಾಸಿಗೆಯಲ್ಲಿ ಕೂತು, ನುಣ್ಣಗಾಗುವ ತನಕ ನಿಧಾನವಾಗಿ ಅಗಿಯಿರಿ. ಮದ್ಯ ಮಾತ್ರ ಬೇಡ, ಅದು ಮೂತ್ರ ಹೆಚ್ಚಿಸುತ್ತದೆ. ಅಲರ್ಜಿ ಇದ್ದವರು ಅಕ್ರೋಟು ಮುಟ್ಟಲೇಬೇಡಿ.

ಎದ್ದ ಹೊತ್ತನ್ನು ದಿನಾ ಬರೆದಿಟ್ಟೆ. ಎರಡು ವಾರಕ್ಕೆ 3 ಸಲ ಇದ್ದದ್ದು ಒಂದಕ್ಕೆ ಇಳಿಯಿತು. ಅದೇ ದಿನಗಳಲ್ಲಿ ರಾತ್ರಿಯ ಚಹಾ ಬಿಟ್ಟಿದ್ದೆ, ಸಂಜೆ ಕಾಲು ಎತ್ತರಕ್ಕಿಟ್ಟು ಕೂರುತ್ತಿದ್ದೆ. ಹಾಗಾಗಿ ಪೂರ್ತಿ ಪುಣ್ಯ ಅಕ್ರೋಟಿಗೇ ಕೊಡಲಾರೆ. ಮೂತ್ರದಲ್ಲಿ ಉರಿಯೋ ರಕ್ತವೋ ಕಂಡರೆ ಒಂದು ದಿನವೂ ಕಾಯದೆ ವೈದ್ಯರ ಬಳಿ ಹೋಗಿ.