ಅಸಲಿ ಸಿಸಿಟಿವಿ ಇಟ್ಟು ಥ್ರಿಲ್ಲರ್: ಮೈಸೂರು, ಮಂಡ್ಯದ ಕಿರುಚಿತ್ರ ತಂಡಗಳಿಗೆ

ಫೋನಿನಲ್ಲಿ ಚೆನ್ನಾಗಿ ಶೂಟ್ ಮಾಡಿ, ಎಡಿಟಿಂಗಲ್ಲಿ ಹಸಿರು ಬಣ್ಣ ಬಳಿದು, ಮೂಲೆಗೊಂದು ಕೆಂಪು ಚುಕ್ಕೆ ಇಟ್ಟು ‘ಇದೇ ಸಿಸಿಟಿವಿ’ ಅನ್ನೋ ಚಾಳಿ ಮೊದಲು ಬಿಡಿ. ಈಗ ಬೇಕರಿ ಗಲ್ಲಾದ ಪಕ್ಕದಲ್ಲೂ ಅಸಲಿ ಪರದೆ ಇರುತ್ತೆ, ನಕಲಿ ಯಾವುದು ಅಂತ ಜನಕ್ಕೆ ಕಂಡ ಕೂಡಲೇ ಗೊತ್ತಾಗುತ್ತೆ. ಅಸಲಿ ಕ್ಯಾಮೆರಾನೇ ಹಾಕಿ. ಅದರ ಕೈಲಾಗದ ಕೆಲಸಗಳಲ್ಲೇ ಸಸ್ಪೆನ್ಸ್ ಇರೋದು.

ಬೇಕಾಗೋದು ಇಷ್ಟು: ನಾಲ್ಕು ಚಾನೆಲ್‌ನ ಹಳೇ ಡಿವಿಆರ್ (ರೆಕಾರ್ಡ್ ಮಾಡೋ ಪೆಟ್ಟಿಗೆ), 2 ಮೆಗಾಪಿಕ್ಸೆಲ್‌ನ ಎರಡು ಕ್ಯಾಮೆರಾ, ಅವಕ್ಕೆ ಕರೆಂಟ್ ಕೊಡೋ 12 ವೋಲ್ಟ್ 5 ಆಂಪ್‌ನ ಎಸ್‌ಎಂಪಿಎಸ್, ವಿಡಿಯೊ, ಕರೆಂಟ್ ಎರಡನ್ನೂ ಒಯ್ಯೋ 3+1 ಕೇಬಲ್, ಅದರ ತುದಿಗೆ ಹಾಕೋ ಬಿಎನ್‌ಸಿ ಕನೆಕ್ಟರ್. ಕ್ಯಾಮೆರಾ ಫಿಟ್ ಮಾಡೋರ ಹತ್ತಿರ ಎರಡು ದಿನಕ್ಕೆ ಬಾಡಿಗೆ ಕೇಳಿ ನೋಡಿ. ಬಿಎನ್‌ಸಿ ಸಡಿಲವಿದ್ದರೆ ಚಿತ್ರದಲ್ಲಿ ಗೆರೆ ಓಡುತ್ತೆ. ಹಗಲೆಲ್ಲ ಸರಿಯಿದ್ದ ಕ್ಯಾಮೆರಾ ಕತ್ತಲಾದ ಮೇಲೆ ಆಫ್ ಆಗಿ ಆನ್ ಆಗ್ತಿದ್ದರೆ ಕರೆಂಟ್ ಸಾಲುತ್ತಿಲ್ಲ ಅಂತ: ಕತ್ತಲಲ್ಲಿ ನೋಡೋಕೆ ಕ್ಯಾಮೆರಾದಲ್ಲೇ ಇರೋ ಐಆರ್ (ಇನ್‌ಫ್ರಾರೆಡ್) ದೀಪ ಹೊತ್ತಿದಾಗ ಕರೆಂಟ್ ಎಳೆತ ಜಾಸ್ತಿ. ಉದ್ದ ಕೇಬಲ್ಲಿನ ತುದಿಯ ಕ್ಯಾಮೆರಾಗೆ ಇದು ಮೊದಲು ಕಾಡುತ್ತೆ.

ಡಿವಿಆರ್‌ನಲ್ಲಿ ಫ್ರೇಮ್ ರೇಟ್ 15ಕ್ಕೆ, ಬಿಟ್‌ರೇಟ್ (ಸೆಕೆಂಡಿಗೆ ಬರೆಯೋ ಡೇಟಾ) 1024 ಕೆಬಿಪಿಎಸ್‌ಗೆ ಇಳಿಸಿ. ಮನುಷ್ಯ ಓಡಿದಾಗ ಅಂಚೆಲ್ಲ ಚೌಕ ಚೌಕವಾಗಿ ಒಡೆಯುತ್ತೆ, ನಮಗೆ ಬೇಕಿರೋದೂ ಅದೇ. ಕ್ಯಾಮೆರಾ 9–10 ಅಡಿ ಎತ್ತರದಲ್ಲಿರಲಿ. 2.8 ಎಂಎಂ ಲೆನ್ಸ್ ಆದರೆ ಹತ್ತು ಅಡಿಯೊಳಗೆ ಮುಖ ಗುರುತು ಹಿಡಿಯಬಹುದು. ಇಪ್ಪತ್ತು ಅಡಿಗೆ ಪರಿಚಯದವರು ಮಾತ್ರ ‘ಇವನೇ ಇರಬೇಕು’ ಅಂದಾರು. ಅಲ್ಲಿಂದಾಚೆ ನಡಿಗೆ, ಅಂಗಿ, ಕೈಚೀಲ, ಅಷ್ಟೇ. ಇದನ್ನೇ ಕಥೆಗೆ ಹಾಕಿ: ಅಗ್ರಹಾರದ ಹಳೇ ಮನೆ ಜಗಲಿಯಿಂದ ಎದುರು ಬೀದಿಯಲ್ಲಿ ನಿಂತವನ ಆಕಾರ ಕಾಣಲಿ, ಮುಖ ಬೇಡ. ಪೊಲೀಸ್ ಪಾತ್ರ ‘ಜೂಮ್ ಮಾಡಪ್ಪಾ’ ಅಂದ ಕೂಡಲೇ ಮುಖ ತೊಳೆದ ಹಾಗೆ ಬಂದುಬಿಟ್ಟರೆ ಚಿತ್ರ ಅಲ್ಲಿಗೇ ಸತ್ತಿತು. ಸೆರೆಯಾಗದ ಪಿಕ್ಸೆಲ್ ಎಲ್ಲಿಂದ ಬರಬೇಕು?

ರಾತ್ರಿ ಐಆರ್‌ನಲ್ಲಿ ಚಿತ್ರ ಕಪ್ಪು–ಬಿಳುಪು. ಕಣ್ಣಿಗೆ ಕಡುಗಪ್ಪಾಗಿ ಕಾಣೋ ಎಷ್ಟೋ ಸಿಂಥೆಟಿಕ್ ಬಟ್ಟೆ ಇಲ್ಲಿ ಬೂದಿಬಿಳಿ. ಸಾಕ್ಷಿ ‘ಕರೀ ಅಂಗಿ’ ಅಂತಾನೆ, ರೆಕಾರ್ಡಿಂಗಲ್ಲಿ ಬಿಳಿ ಅಂಗಿ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಎಲ್ಲ ಕಪ್ಪೂ ಹೀಗೆ ತಿರುಗಲ್ಲ, ಆದ್ದರಿಂದ ಮೂರ್ನಾಲ್ಕು ಅಂಗಿ ತಂದು ಕ್ಯಾಮೆರಾ ಮುಂದೆ ಹಿಡಿದು ಆರಿಸಿ. ಮಂಡ್ಯದ ಕಡೆ ಆಲೆಮನೆಯಲ್ಲಿ ಶೂಟಿಂಗ್ ಇದ್ದರೆ ಕೊಪ್ಪರಿಗೆಯ ಹಬೆಗೆ ಐಆರ್ ಬಡಿದು ಬಿಳಿ ಗೋಡೆ ಎದ್ದ ಹಾಗಾಗುತ್ತೆ, ಮನುಷ್ಯ ಅದರೊಳಗೆ ಮಾಯ. ಬೇಡವಾದರೆ ಕ್ಯಾಮೆರಾವನ್ನು ಗಾಳಿ ಬರುವ ದಿಕ್ಕಿಗೆ ಸರಿಸಿ. ಲೆನ್ಸ್ ಮುಂದೆ ಜೇಡರ ಒಂದೇ ಎಳೆ ಸಾಕು, ಬೆಳ್ಳಗೆ ಹೊಳೆದು ಅರ್ಧ ಫ್ರೇಮ್ ನುಂಗುತ್ತೆ. ದಿನಾ ಸಂಜೆ ಒರೆಸಿ.

ಡಿವಿಆರ್ ಗಡಿಯಾರ ನಿಮ್ಮ ಚಿತ್ರಕಥೆಯ ಒಳ್ಳೇ ಗೆಳೆಯ. ಒಳಗಿನ ಬಟನ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಖು ಹಳೇ ವರ್ಷಕ್ಕೆ ಜಾರುತ್ತೆ. ‘ಆ ಹೊತ್ತಲ್ಲಿ ನಾನು ಊರಲ್ಲೇ ಇರಲಿಲ್ಲ’ ಅನ್ನೋನ ಕಥೆ ಇದರ ಮೇಲೇ ನಿಲ್ಲಬಹುದು. ಇನ್ನೊಂದು ಗಡುವು ಡಿಸ್ಕಿನದು: ಬಿಟ್‌ರೇಟ್ ಇಳಿಸದೆ 2 ಎಂಬಿಪಿಎಸ್‌ನಲ್ಲೇ ಬಿಟ್ಟರೆ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತಿನ್ನುತ್ತೆ. ನಾಲ್ಕು ಕ್ಯಾಮೆರಾ, 1 ಟಿಬಿ ಡಿಸ್ಕ್ ಅಂದರೆ ಹನ್ನೊಂದೂವರೆ ದಿನ, ಆಮೇಲೆ ಹಳೆಯದರ ಮೇಲೆ ಹೊಸದು. ಬಾಂಬಿನ ಟೈಮರಿಗಿಂತ ನಂಬಿಕೆ ಹುಟ್ಟಿಸೋ ಗಡುವು ಇದು.

ಮೊಬೈಲ್ ಟವರ್ ಲೊಕೇಶನ್ ತೋರಿಸೋರು ಹುಷಾರು. ಹಳ್ಳಿ ಕಡೆ ಒಂದು ಟವರ್ ಕೆಲವು ಕಿಲೋಮೀಟರ್ ಆವರಿಸಿರುತ್ತೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ನಕ್ಷೆಯ ಚುಕ್ಕೆ ಒಂದೊಂದೇ ಹೆಜ್ಜೆ ಹಾಕಲ್ಲ.

ಇಂಥ ಎಷ್ಟೋ ಸಿಸಿಟಿವಿ ಕ್ಯಾಮೆರಾಗೆ ಮೈಕೇ ಇರಲ್ಲ. ಪರದೆಯೊಳಗೆ ಹೆಜ್ಜೆ ಸಪ್ಪಳ ಹಾಕಬೇಡಿ. ನೋಡುತ್ತಾ ಕೂತವನ ಕೋಣೆಯ ಸದ್ದು ಸಾಕು, ಡಿವಿಆರ್‌ನ ಪುಟ್ಟ ಫ್ಯಾನು, ಪಕ್ಕದ ಮನೆ ಕುಕ್ಕರಿನ ಶಿಳ್ಳೆ. ಆ ಕೋಣೆ ಚಿತ್ರೀಕರಿಸುವಾಗ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಫೋನಿನ 30 ಫ್ರೇಮ್‌ಗೆ ಬಿಟ್ಟರೆ ಟ್ಯೂಬ್‌ಲೈಟ್ ಅಲೆ ಅಲೆಯಾಗಿ ಮಿನುಗಬಹುದು. ಮಾನಿಟರ್ ಫ್ರೇಮಿನಲ್ಲಿದ್ದರೆ ಅದನ್ನೂ 50 ಹರ್ಟ್ಸ್‌ಗೆ ಇಳಿಸಿ.

ಗಾಡಿ ನಂಬರ್ ಕಾಣಬೇಕಾದರೆ ತಂಡದವರದ್ದೇ ಇರಲಿ, ಇಲ್ಲವೇ ಕೆಎ 09, ಕೆಎ 11ರ ಮುಂದೆ 0000 ಹಾಕಿ, ಅದು ಯಾರಿಗೂ ಕೊಡುವ ಸಂಖ್ಯೆಯಲ್ಲ. ಫೋನ್ ನಂಬರ್ ಆದರೆ ಕೊನೆಯ ಮೂರಂಕಿ ಹೆಬ್ಬೆರಳ ಮರೆಯಲ್ಲಿರಲಿ. ದೇವರಾಜ ಮಾರುಕಟ್ಟೆಯಲ್ಲಿ ಅನುಮತಿ ಪಡೆದು, ಹೂವಿನವರನ್ನೂ ಕೇಳಿಯೇ ಕ್ಯಾಮೆರಾ ಕಟ್ಟಿ. ಎದುರು ಮನೆ ಕಿಟಕಿ ಫ್ರೇಮಿನೊಳಗೆ ಬೀಳದ ಹಾಗೆ ತಿರುಗಿಸಿ. ಒಪ್ಪಿಗೆಯಿಲ್ಲದೆ ಯಾರದಾದರೂ ಖಾಸಗಿ ಅಂಗವನ್ನು ಬೇಕಂತಲೇ ಅಥವಾ ಗೊತ್ತಿದ್ದೂ ಸೆರೆಹಿಡಿದರೆ ಐಟಿ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ ಜೈಲು. ಕಿರುಚಿತ್ರ ಅಂದ ಮಾತ್ರಕ್ಕೆ ಅದರಿಂದ ಬಿಡುಗಡೆಯಿಲ್ಲ.

ಡಿವಿಆರ್‌ಗೆ ಇಂಟರ್ನೆಟ್ ಕೊಡಲೇಬೇಡಿ. ಬಾಡಿಗೆಗೆ ತಂದದ್ದರಲ್ಲಿ ಹಿಂದಿನವರ ಮನೆ ರೆಕಾರ್ಡಿಂಗ್ ಉಳಿದಿರಬಹುದು, ನೋಡದೆ ಫಾರ್ಮ್ಯಾಟ್ ಮಾಡಿ. ವಾಪಸ್ ಕೊಡುವ ಮುನ್ನ ನಿಮ್ಮದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿ, ‘ಕ್ವಿಕ್ ಫಾರ್ಮ್ಯಾಟ್’ ಟಿಕ್ ತೆಗೆದು ಅಳಿಸಿ. 1 ಟಿಬಿಗೆ ಗಂಟೆಗಟ್ಟಲೆ ಹಿಡಿಯುತ್ತೆ. ಆದರೂ ಕ್ವಿಕ್ ಒತ್ತಬೇಡಿ, ಅದರಲ್ಲಿ ಅಳಿಯೋದು ಪಟ್ಟಿ ಮಾತ್ರ, ವಿಡಿಯೊ ಅಲ್ಲೇ ಇರುತ್ತೆ.