ಮಳೆಗಾಲದ ರಾತ್ರಿ ನಾವು ಹಾವು ಹುಡುಕುವ ರೀತಿ

ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇರುವವರು ಹಾವು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಚ್ಚಲಿಗೆ ಬರುತ್ತದೆ. ಆದರೂ ಜೂನ್ ಮಳೆ ಸರಿಯಾಗಿ ಹಿಡಿದ ಮೇಲೆ, ರಾತ್ರಿ ಊಟ ಮುಗಿಸಿ ನಾನು, ನಮ್ಮನೆಯವರು, ಮಗಳು, ಮಗ ಟಾರ್ಚ್ ಹಿಡಿದು ಹೊರಡುತ್ತೇವೆ. "ಕತ್ತಲಲ್ಲಿ ಹುಳ ಹುಡುಕೋಕೆ ಹೋಗೋರನ್ನ ನಾನೆಲ್ಲೂ ನೋಡ್ಲಿಲ್ಲ ಮಾರಾಯ್ತಿ" ಅಂತ ಅತ್ತೆ ಗೊಣಗುತ್ತಾರೆ. ಗೊಣಗುತ್ತಲೇ ಮಕ್ಕಳ ಗಂಬೂಟನ್ನು ಬೋರಲು ಹಾಕಿ ಕುಟ್ಟಿ, ಒಳಗೆ ಚೇಳಿಲ್ಲ ಅಂತ ನೋಡಿ ಕೊಡುವವರೂ ಅವರೇ.

ಕಾಡಿನೊಳಗೆ ನಾವು ಹೋಗುವುದಿಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ನಮಗೆ ಅದರ ಅಗತ್ಯವೂ ಇಲ್ಲ. ನಮ್ಮ ತೋಟ, ಪಕ್ಕದ ಹಳ್ಳ, ಮನೆ ರಸ್ತೆ ಬದಿಯ ಮಣ್ಣಿನ ಧರೆ, ಇಷ್ಟೇ ಜಾಗ. ನಾಗಬನದ ಕಡೆಗೆ ಟಾರ್ಚ್ ಬಿಡುವುದಿಲ್ಲ. ಅದು ಅತ್ತೆಯ ಷರತ್ತು.

ಟಾರ್ಚ್ ಹಣೆಗೆ ಕಟ್ಟುವಂಥದ್ದೇ ಬೇಕು. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟರೆ ಕಪ್ಪೆ, ಜೇಡಗಳ ಕಣ್ಣು ದೂರದಿಂದಲೇ ಮಿಂಚುತ್ತವೆ. ಹಾವಿನ ಕಣ್ಣು ಸಾಮಾನ್ಯವಾಗಿ ಹಾಗೆ ಮಿಂಚುವುದಿಲ್ಲ. ಹಾಗಾಗಿ ಕಣ್ಣು ಹುಡುಕಿ ಪ್ರಯೋಜನ ಇಲ್ಲ, ಆಕಾರ ಹುಡುಕಬೇಕು. ಬಳ್ಳಿಗೆ ಗಂಟಿರುತ್ತದೆ, ಕವಲಿರುತ್ತದೆ, ಎಲ್ಲೋ ಒಂದು ಎಲೆ ಅಂಟಿರುತ್ತದೆ. ಗಂಟೂ ಇಲ್ಲದೆ ಕವಲೂ ಇಲ್ಲದೆ ನುಣ್ಣಗೆ ಸಾಗುವ ಗೆರೆ ಕಂಡರೆ ಅಲ್ಲಿ ನಿಲ್ಲಬೇಕು. ಮಕ್ಕಳಿಗೆ ಇದು ನಮಗಿಂತ ಬೇಗ ಬಂತು. ಅವರ ಎತ್ತರಕ್ಕೆ ಪೊದೆಯ ಒಳಭಾಗ ನೇರವಾಗಿ ಕಾಣುತ್ತದೆ. ಜೊತೆಗೆ ಅವರಿಗೆ ಮುಂದೆ ಎಲ್ಲಿಗೂ ಹೋಗುವ ಅವಸರ ಇಲ್ಲ, ಅಲ್ವಾ? ತೋಟದ ಒಂದು ತುದಿಯಿಂದ ಇನ್ನೊಂದು ತುದಿ ತಲುಪಲು ಎರಡು ತಾಸು ಬೇಕಾದರೆ ಅದು ಒಳ್ಳೆಯ ನಡಿಗೆ.

ಶುರು ಮಾಡುವವರಿಗೆ ಹಸಿರು ಹಾವು ಸುಲಭ. ಹಗಲು ಬೇಟೆಯಾಡುವ ಈ ಹಾವು ರಾತ್ರಿ ಕೊಂಬೆಯ ತುದಿಯಲ್ಲಿ ಸುತ್ತಿಕೊಂಡು ಮಲಗುತ್ತದೆ. ಟಾರ್ಚ್ ಬಿದ್ದರೆ ಎಲೆಗಳ ನಡುವೆ ಮಾಸಲು ಬಣ್ಣದಲ್ಲಿ ಎದ್ದು ಕಾಣುತ್ತದೆ. ಇದು ಮನುಷ್ಯರ ಕಣ್ಣಿಗೇ ಬಂದು ಕುಕ್ಕುತ್ತದೆ ಎಂಬ ಮಾತು ಸುಳ್ಳು. ಇದರ ವಿಷವೂ ಸೌಮ್ಯ. ಹಳ್ಳದ ಬದಿಯಲ್ಲಿ ಕಪ್ಪೆ ವಟಗುಟ್ಟುವ ಕಡೆ ನೀರೊಳ್ಳೆ ಸಿಗುತ್ತದೆ.

ನಮ್ಮೆಲ್ಲರಿಗೂ ಇಷ್ಟ ಮಲಬಾರ್ ಗುಳಿಮಂಡಲ. ಹಸಿರು, ಕಂದು, ಹಳದಿ, ಕಿತ್ತಳೆ, ಹೀಗೆ ಒಂದೇ ಜಾತಿಯಲ್ಲಿ ಹಲವು ಬಣ್ಣ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಗುಳಿಯಿಂದ ಬೇಟೆಯ ಮೈಬಿಸಿಯನ್ನು ಗ್ರಹಿಸುತ್ತದೆ. ಓಡಾಡುವ ಹಾವಲ್ಲ, ಕೂತಲ್ಲೇ ಕಾದು ಹಿಡಿಯುವಂಥದ್ದು. ಒಮ್ಮೆ ಕಂಡರೆ ದಿನಗಟ್ಟಲೆ ಅದೇ ಗಿಡದಲ್ಲಿ ಇರುವುದುಂಟು. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಹಾವು ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಶಾಲೆಯಿಂದ ಬಂದವರು ಚೀಲ ಎಸೆದು "ಇವತ್ತು ಇದ್ಯಾ?" ಅಂತ ನೋಡಲು ಓಡುತ್ತಾರೆ. ಎಷ್ಟು ತಿರುಗಿದೆ, ತಲೆ ಯಾವ ಕಡೆ ಇದೆ, ಹೊಟ್ಟೆ ಉಬ್ಬಿದೆಯಾ, ಎಲ್ಲ ಮಗಳ ನೋಟ್‌ಬುಕ್ಕಿಗೆ ಹೋಗುತ್ತದೆ. ಹಾವು ಹಿಡಿದು ಬಾಲ ಎತ್ತಿ ತೋರಿಸುವ ವಿಡಿಯೋಗಳಲ್ಲಿ ಇದ್ಯಾವುದೂ ಕಾಣುವುದಿಲ್ಲ. ಅಲ್ಲಿ ಕಾಣುವುದು ಹೆದರಿದ ಹಾವು ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸುಮ್ನೆ ಶೋಕಿಗೆ ಹಾವು ಹಿಡಿಯುವುದು ಅಪರಾಧವೂ ಹೌದು. ನಮ್ಮ ಹತ್ತಿರ ಕೊಕ್ಕೆ ಇಲ್ಲ. ಕೋಲು ಇದೆ, ಅದು ಜಾರುವ ದಾರಿಗೆ.

ಮಕ್ಕಳಿಗೆ ಹೇಳಿರುವುದು ಇಷ್ಟು. ಯಾವ ಹಾವಾದರೂ ಎರಡು ಮಾರು ದೂರ. ಕೈ ಯಾವತ್ತೂ ದರಗಿನೊಳಗೆ, ಅಂದರೆ ಉದುರಿದ ಒಣ ಎಲೆಯೊಳಗೆ, ಕಲ್ಲಿನ ಸಂದಿಗೆ ಹೋಗಬಾರದು. ಅಡಿಕೆ ಸೋಗೆ, ಅಡಿಕೆ ಹಾಳೆ ಬಿದ್ದಿದ್ದರೆ ಎತ್ತಿ ನೋಡಬಾರದು. ಇದಕ್ಕೆ ಕಾರಣ ದರಗಿನ ಬಣ್ಣದಲ್ಲೇ ಅಡಗಿ ಕೂರುವ ಇನ್ನೊಂದು ಗುಳಿಮಂಡಲ, ಹಂಪ್‌ನೋಸ್ಡ್ ಪಿಟ್ ವೈಪರ್ ಅನ್ನುತ್ತಾರೆ. ಗೇಣುದ್ದದಿಂದ ಸ್ವಲ್ಪ ಜಾಸ್ತಿ ಅಷ್ಟೇ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಇದರ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಗಂಬೂಟು ಉಂಬಳಕ್ಕಿಂತ (ಜಿಗಣೆ) ಹೆಚ್ಚಾಗಿ ಈ ಪುಟ್ಟ ಹಾವಿಗಾಗಿ. ಉಂಬಳಕ್ಕೆ ಹೊಗೆಸೊಪ್ಪು, ಸುಣ್ಣ ಸಾಕು.

ಪಟ್ಟೆ ಇರುವ ಹಾವು ಕಂಡರೆ ಅದು ಕಟ್ಟುಹಾವೇ ಅಂದುಕೊಂಡು ಹಿಂದೆ ಸರಿಯುತ್ತೇವೆ. ವಿಷವಿಲ್ಲದ ತೋಳಹಾವಿಗೆ ಪಟ್ಟೆ ಕುತ್ತಿಗೆಯಿಂದ ಶುರುವಾಗಿ ಬಾಲದ ಕಡೆ ಮಾಸುತ್ತದೆ, ಕಟ್ಟುಹಾವಿಗೆ ಬಾಲದ ಕಡೆಗೇ ಪಟ್ಟೆ ಸ್ಪಷ್ಟ. ಇದನ್ನೆಲ್ಲ ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ನೋಡುವುದು. ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಅಷ್ಟು ಕಡಿಮೆ ನೋವು. ಆದ್ದರಿಂದ ಹೊರಡುವ ಮೊದಲೇ ಕಾರಿನ ಕೀ ಮೊಳೆಗೆ ನೇತುಹಾಕಿರುತ್ತೇವೆ, ಪ್ರತಿವಿಷ ಇರುವ ಆಸ್ಪತ್ರೆ ಯಾವುದೆಂದು ವಿಚಾರಿಸಿಟ್ಟಿರುತ್ತೇವೆ. ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಇಲ್ಲ. ಉಂಗುರ, ಬಳೆ ತೆಗೆದು, ಆ ಭಾಗ ಅಲುಗಾಡದಂತೆ ಇಟ್ಟು ಸೀದಾ ಆಸ್ಪತ್ರೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಈ ವಿಷಯವನ್ನು ಅದು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಅನ್ನುವುದಕ್ಕೆ ಅಷ್ಟು ಸಾಕು.

ಕಾಳಿಂಗ ನೋಡಿದ್ದೀರಾ ಅಂತ ಎಲ್ಲರೂ ಕೇಳುತ್ತಾರೆ. ನೋಡಿದ್ದೇವೆ, ಆದರೆ ಹುಡುಕಿಕೊಂಡು ಹೋಗಿ ಅಲ್ಲ. ಮಾರ್ಚ್‌ನಿಂದ ಮೇ ತನಕ, ಬೆದೆಯ ಮತ್ತು ಗೂಡಿನ ಕಾಲ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಕಡೆ ಮಕ್ಕಳನ್ನು ಕರೆದೊಯ್ಯುವುದೇ ಇಲ್ಲ. ಹೆಣ್ಣು ಕಾಳಿಂಗ ದರಗು ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆಯಿಟ್ಟು ಕಾಯುತ್ತದೆ.

ರಾತ್ರಿ ಬೇಡ ಅನ್ನುವವರು ಪೊರೆ ಹುಡುಕಬಹುದು. ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳ ಕೆಲಸ ಅದೇ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲಿನ ಪಾರದರ್ಶಕ ಪೊರೆಯೂ ಜೊತೆಗೇ ಕಳಚುತ್ತದೆ ಅಂತ ತೋರಿಸಿದಾಗ ಮಗ ಆ ಪೊರೆಯನ್ನು ಶಾಲೆಗೆ ಒಯ್ಯುತ್ತೇನೆ ಅಂತ ಹಟ ಹಿಡಿದ. ಅಳೆಯುವಾಗ ಒಂದು ನೆನಪಿರಲಿ, ಕಳಚುವಾಗ ಎಳೆದು ಉದ್ದವಾಗುತ್ತದೆ. ಆರಡಿ ಪೊರೆ ಅಂದರೆ ಆರಡಿ ಹಾವಲ್ಲ.

ಫೋಟೋಗಳನ್ನು ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣಕ್ಕೆ ಹಾಕುತ್ತೇವೆ, ಜಾತಿ ಗುರುತಿಸಲು ಗೊತ್ತಿರುವವರು ಸಹಾಯ ಮಾಡುತ್ತಾರೆ. ಜಾಗವನ್ನು ಮಾತ್ರ ಮಸುಕು ಮಾಡಿಯೇ ಹಾಕುವುದು. ಬಣ್ಣದ ಗುಳಿಮಂಡಲ ಒಂದೇ ಗಿಡದಲ್ಲಿ ವಾರಗಟ್ಟಲೆ ಇದೆ ಅಂತ ಸುದ್ದಿಯಾದರೆ ಕ್ಯಾಮೆರಾ ಹೊತ್ತವರು ಸಾಲುಗಟ್ಟಿ ಬರುತ್ತಾರೆ, ಕೊಂಬೆ ಬಗ್ಗಿಸುತ್ತಾರೆ, ಅಡ್ಡ ಬಂದ ಎಲೆ ಕೀಳುತ್ತಾರೆ. ಯಾರಾದರೂ ಎಲ್ಲಿ ಅಂತ ಕೇಳಿದರೆ ಮಗಳೇ ಉತ್ತರ ಕೊಡುತ್ತಾಳೆ, "ತೀರ್ಥಹಳ್ಳಿ ತಾಲ್ಲೂಕು."